ಅಭ್ಯಾಸವೆಂಬ ಸ್ವತ್ತು

ಮನುಷ್ಯನು ಕಲಿತುದೆಲ್ಲವೂ ಅವನ ಬುದ್ಧಿಯಲ್ಲಿಯೇ ನೆಲಸಿರುವುದಿಲ್ಲ; ಅದರ ಬಹುಭಾಗವು ಕೈಯಲ್ಲಿಯೂ ಕಣ್ಣಿನಲ್ಲಿಯೂ ಇಳಿದು ಕುಳಿತಿರುತ್ತದೆ. ಮೂವತ್ತು ವರ್ಷ ಅಡಿಗೆಮನೆಯನ್ನು ನೋಡಿಕೊಂಡ ಗೃಹಿಣಿಯನ್ನು ಸಾಸಿವೆಯ ಡಬ್ಬಿ ಎಷ್ಟನೆಯ ಸಾಲಿನಲ್ಲಿದೆಯೆಂದು ಕೇಳಿದರೆ ಅವಳು ಒಂದು ನಿಮಿಷ ಯೋಚಿಸಿಯಾಳು. ಆದರೆ ಒಗ್ಗರಣೆಗೆ ಎಣ್ಣೆ ಕಾದಾಗ, ದೀಪವಿಲ್ಲದಿದ್ದರೂ, ಅವಳ ಕೈ ತಾನಾಗಿಯೇ ಆ ಡಬ್ಬಿಯ ಮೇಲೆ ಬೀಳುವುದು. ಅವಳು ಊರಿನಲ್ಲಿಲ್ಲದ ಸಮಯದಲ್ಲಿ ಯಾರೋ ಹಿತೈಷಿಗಳು ಬಂದು, ಹಲಗೆಗಳನ್ನು ತೊಳೆದು, ಹಳೆಯ ಡಬ್ಬಿಗಳನ್ನು ತೆಗೆದುಹಾಕಿ, ಒಂದೇ ಅಳತೆಯ ಹೊಳೆಯುವ ಡಬ್ಬಿಗಳಲ್ಲಿ ಎಲ್ಲವನ್ನೂ ತುಂಬಿ, ಬೇರೊಂದು ಕ್ರಮದಲ್ಲಿ ಜೋಡಿಸಿಟ್ಟರೆಂದು ಊಹಿಸಬಹುದು. ಹೊಸ ಕ್ರಮವು ಹಳೆಯದಕ್ಕಿಂತ ಉತ್ತಮವೇ ಆಗಿರಬಹುದು. ಆದರೂ ಮರಳಿ ಬಂದ ಆ ಗೃಹಿಣಿಯು ತನ್ನ ಮನೆಯಲ್ಲಿ ತಾನೇ ಅತಿಥಿಯಂತಾಗುವಳು. ಆಗ ಅವಳಿಗುಂಟಾಗುವ ವ್ಯಥೆಯು ಕೇವಲ ಆಲಸ್ಯದಿಂದ ಹುಟ್ಟಿದ್ದೋ, ಅಥವಾ ನ್ಯಾಯವಾದ ದೂರೋ?

ಈ ಪ್ರಶ್ನೆಯು ಅಡಿಗೆಮನೆಯದೆಂದು ತೋರಿದರೂ, ಈ ಕಾಲದಲ್ಲಿ ಅದು ಕೋಟ್ಯಂತರ ಜನರನ್ನು ಬಾಧಿಸುತ್ತಿರುವುದು ಕಂಪ್ಯೂಟರಿನ ಎದುರಿಗೆ. ಯಂತ್ರಕ್ಕೂ ಅದನ್ನು ಬಳಸತಕ್ಕವನಿಗೂ ನಡುವೆ ನಿಂತು, ಬರೆದಿಟ್ಟ ಫೈಲುಗಳನ್ನು ಕಾಪಾಡುತ್ತ, ಇತರ ತಂತ್ರಾಂಶಗಳಿಗೆ ಕೆಲಸವನ್ನು ಹಂಚುತ್ತ, ತೆರೆಯ ಮೇಲೆ ಯಾವುದು ಎಲ್ಲಿ ಕಾಣಿಸಬೇಕೆಂಬುದನ್ನು ನಿರ್ಣಯಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದನ್ನು ಮಾಡುವವರು ಕೆಲವು ವರ್ಷಗಳಿಗೊಮ್ಮೆ ಅದರ ಒಳಗನ್ನು ಬಲಪಡಿಸುವರು. ಅದರೊಂದಿಗೆ ಹೊರಗಿನ ರೂಪವನ್ನೂ ಬದಲಾಯಿಸುವರು. ಗುಂಡಿಗಳು ಸ್ಥಳ ಬಿಡುವುವು, ಹೆಸರುಗಳು ಮಾರ್ಪಡುವುವು, ನಿನ್ನೆಯವರೆಗೆ ಎಡಮೂಲೆಯಲ್ಲಿದ್ದ ವಸ್ತು ಇಂದು ನಡುವೆ ಬಂದು ನಿಲ್ಲುವುದು. ಬಳಸುವವನಿಗೆ ಆಗ ಬರುವ ಸಂಶಯವು ಎರಡು ಮುಖದ್ದು: ಹೊಸದನ್ನು ಸ್ವೀಕರಿಸಬೇಕೇ, ಹಳೆಯದರಲ್ಲಿಯೇ ನಿಲ್ಲಬೇಕೇ? ಹಾಗೆಯೇ, ಹಳೆಯದರಲ್ಲಿ ನಿಲ್ಲುವ ಅಧಿಕಾರವಾದರೂ ಅವನಿಗೆ ಉಂಟೇ?

ವಿಚಾರವು ಗಾಳಿಯಲ್ಲಿ ತೇಲದಿರಬೇಕಾದರೆ ಒಂದು ನಿದರ್ಶನವನ್ನು ಹಿಡಿಯಬೇಕು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಂಬುದು ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಬಹಳವಾಗಿ ಬಳಕೆಯಲ್ಲಿರುವುದರಿಂದ ಅದನ್ನೇ ತೆಗೆದುಕೊಳ್ಳಬಹುದು. 1995ನೆಯ ಇಸವಿ ಆಗಸ್ಟ್ 24ರಂದು ಹೊರಬಂದ ವಿಂಡೋಸ್ 95ರಲ್ಲಿ ತೆರೆಯ ಕೆಳಗೆ ಒಂದು ಪಟ್ಟಿಯೂ, ಅದರ ಎಡಮೂಲೆಯಲ್ಲಿ ಸ್ಟಾರ್ಟ್ ಎಂಬ ಗುಂಡಿಯೂ ಕಾಣಿಸಿಕೊಂಡುವು. ಆ ಗುಂಡಿಯನ್ನು ಒತ್ತಿದರೆ ಯಂತ್ರದಲ್ಲಿರುವುದೆಲ್ಲವೂ ಸಾಲಾಗಿ ತೆರೆದುಕೊಳ್ಳುತ್ತಿತ್ತು. ಅಲ್ಲಿಂದ ಹದಿನೇಳು ವರ್ಷಗಳ ಕಾಲ, ಬಣ್ಣವೂ ಆಕಾರವೂ ಬದಲಾದರೂ, ಆ ಗುಂಡಿಯು ತನ್ನ ಮೂಲೆಯನ್ನು ಬಿಡಲಿಲ್ಲ. ಕಂಪ್ಯೂಟರನ್ನು ಕಲಿಸತಕ್ಕವರು ಮೊದಲನೆಯ ದಿನ ತೋರಿಸುತ್ತಿದ್ದುದು ಅದನ್ನೇ. 2012ನೆಯ ಅಕ್ಟೋಬರ್ 26ರಂದು ವಿಂಡೋಸ್ 8 ಬಂದಿತು, ಗುಂಡಿಯು ಮಾಯವಾಯಿತು. ಅದಕ್ಕೆ ಪ್ರತಿಯಾಗಿ ತೆರೆಯ ತುಂಬ ಬಣ್ಣಬಣ್ಣದ ಚೌಕಗಳು ಹರಡಿದ್ದುವು. ಬೆರಳಿನಿಂದ ಮುಟ್ಟಿ ನಡೆಸುವ ಹಲಗೆಯಂತಹ ಸಣ್ಣ ಯಂತ್ರಗಳಿಗೆ ಒಪ್ಪುವಂತೆ ಆ ರೂಪವನ್ನು ಕಲ್ಪಿಸಿದ್ದರು. ಆದರೆ ಮೇಜಿನ ಮೇಲಿನ ಯಂತ್ರದ ಮುಂದೆ ಮೌಸ್ ಹಿಡಿದು ಕುಳಿತವನಿಗೂ ಅದೇ ರೂಪವು ಬಂದೊದಗಿತು. ಯಂತ್ರವನ್ನು ಆರಿಸುವ ಮಾರ್ಗವು ಬಲಗಡೆಯ ಅಂಚಿನಲ್ಲಿ ಅಡಗಿದ್ದ ಪಟ್ಟಿಯೊಂದರ ಒಳಗೆ ಸೇರಿಹೋಗಿತ್ತು. ಹತ್ತು ವರ್ಷ ಬಳಸಿದವರೂ ದೀಪವನ್ನು ಹೇಗೆ ಆರಿಸಬೇಕೆಂದು ತಿಳಿಯದ ಹೊಸ ಬಾಡಿಗೆದಾರರಂತೆ ತಡಕಾಡಿದರು.

ಇಂತಹ ಬದಲಾವಣೆಗಳ ವಿಷಯದಲ್ಲಿ ಜನರ ಅಭಿಪ್ರಾಯವು ಮೂರು ಬಗೆಯಾಗಿರುವುದು. ಮೊದಲನೆಯವರು, ಹೊಸದು ಬಂದ ದಿನವೇ ಅದನ್ನು ತಮ್ಮದಾಗಿಸಿಕೊಳ್ಳತಕ್ಕವರು. ಎರಡನೆಯವರು, ಕೆಲಸ ನಡೆಯುತ್ತಿರುವುದನ್ನು ಕೆಣಕಬಾರದೆಂದು ಹಳೆಯದನ್ನು ಹಿಡಿದು ಕುಳಿತವರು. ಮೂರನೆಯವರು, ಇತರರು ಮೊದಲು ಮುಳುಗಿ ಏಳಲಿ, ಹೊಳೆಯ ಆಳವು ಆಗ ತಿಳಿಯುವುದೆಂದು ದಡದಲ್ಲಿ ನಿಂತವರು. ಮೂರನೆಯವರದು ಸಿದ್ಧಾಂತವಲ್ಲ, ವಿವೇಕವಾದ ವಿಳಂಬವಷ್ಟೆ. ಅವರೂ ಕೊನೆಗೆ ಮೊದಲಿನ ಎರಡು ಪಕ್ಷಗಳಲ್ಲಿ ಒಂದನ್ನು ಸೇರಲೇಬೇಕು. ಆದಕಾರಣ ಆ ಎರಡು ಪಕ್ಷಗಳನ್ನೇ ವಿಚಾರಿಸಬೇಕಾಗಿದೆ.

ಹೊಸದನ್ನು ಸ್ವಾಗತಿಸುವವರ ವಾದವು ಹೀಗಿರುವುದು: ಅಭ್ಯಾಸವೆಂಬುದು ಕಾಲಕ್ರಮದಲ್ಲಿ ಬರುವುದು, ಕಾಲಕ್ರಮದಲ್ಲಿ ಹೋಗುವುದು. ಇಂದು ಯಾವುದನ್ನು ಹಳೆಯದೆಂದು ಮೋಹದಿಂದ ಅಪ್ಪಿಕೊಂಡಿರುವರೋ ಅದೂ ಒಂದು ದಿನ ಹೊಸದಾಗಿಯೇ ಬಂದದ್ದು. 2012ರಲ್ಲಿ ಯಾವ ಸ್ಟಾರ್ಟ್ ಗುಂಡಿಗಾಗಿ ಜನರು ಮರುಗಿದರೋ ಅದೇ ಗುಂಡಿಯು 1995ರಲ್ಲಿ ಅದಕ್ಕೆ ಹಿಂದಿನ ಕ್ರಮವನ್ನು ತಳ್ಳಿ ಬಂದಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ನೀಲಿಯ ಪಟ್ಟಿಯನ್ನೂ ಹಸುರು ಗುಂಡಿಯನ್ನೂ ಧರಿಸಿ ಬಂದಾಗ ಅದನ್ನು ಮಕ್ಕಳ ಆಟಿಕೆಯೆಂದು ನಕ್ಕವರಿದ್ದರು. 2014ನೆಯ ಏಪ್ರಿಲ್ 8ರಂದು ಅದರ ಪೋಷಣೆಯನ್ನು ನಿಲ್ಲಿಸಿದಾಗ ಅದನ್ನು ಬಿಡಲಾರದೆ ಸಂಕಟಪಟ್ಟವರು ಅಸಂಖ್ಯರಿದ್ದರು. ನಕ್ಕ ವಸ್ತುವಿಗೇ ಹದಿಮೂರು ವರ್ಷಗಳಲ್ಲಿ ಮನಸ್ಸು ಅಂಟಿಕೊಳ್ಳುವುದಾದರೆ, ಇಂದಿನ ದೂರಿಗೆ ಬೆಲೆಯೇನು?

ಈ ವಾದಕ್ಕೆ ಕನ್ನಡಿಗರ ಮನೆಗಳಲ್ಲಿ ವಿಶೇಷವಾದ ಬಲವೊಂದುಂಟು. ಎಕ್ಸ್‌ಪಿಗೆ ಮುಂಚಿನ ವಿಂಡೋಸ್‌ಗಳಲ್ಲಿ ಕನ್ನಡ ಲಿಪಿಗೆ ಮನೆಮಗಳ ಸ್ಥಾನವಿರಲಿಲ್ಲ. ಕನ್ನಡವನ್ನು ಬರೆಯಬೇಕೆನ್ನುವವರು, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಅಕ್ಷರಮಾಲೆಗಳನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾಗಿತ್ತು. ಅಂತಹ ಅಕ್ಷರಮಾಲೆಯಿಲ್ಲದ ಮತ್ತೊಂದು ಯಂತ್ರದಲ್ಲಿ ಆ ಬರವಣಿಗೆಯನ್ನು ತೆರೆದರೆ, ಅಚ್ಚುಕಟ್ಟಾದ ಪ್ರಬಂಧವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕ್ರಮದ ಕನ್ನಡವೂ, ತುಂಗಾ ನದಿಯ ಹೆಸರನ್ನು ಹೊತ್ತ ಅಕ್ಷರಮಾಲೆಯೂ ವ್ಯವಸ್ಥೆಯ ಒಳಗಿನಿಂದಲೇ ದೊರೆತುವು. ಹಳೆಯದರಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿದೆಯೆಂದು ಅಂದು ಎಲ್ಲರೂ ಹೊಸದನ್ನು ನಿರಾಕರಿಸಿದ್ದರೆ, ಕನ್ನಡದ ಕಾಗದವೊಂದು ಒಂದೂರಿನಿಂದ ಮತ್ತೊಂದೂರಿಗೆ ಕೆಡದೆ ಹೋಗುವ ದಿನವು ಇನ್ನೂ ದೂರವಾಗುತ್ತಿತ್ತು. ನೂತನತೆಯೆಲ್ಲವೂ ವ್ಯಾಪಾರಿಯ ಆಡಂಬರವೆನ್ನುವವರು ಈ ಉಪಕಾರವನ್ನು ಮರೆಯತಕ್ಕದ್ದಲ್ಲ.

ಹಳೆಯದನ್ನು ಹಿಡಿದವರ ವಾದವೂ ದುರ್ಬಲವಾದುದಲ್ಲ. ಅವರು ಹೇಳುವುದೇನೆಂದರೆ: ಯಂತ್ರವು ಸಾಧನವೇ ಹೊರತು ಸಾಧ್ಯವಲ್ಲ. ಲೆಕ್ಕ ಬರೆಯತಕ್ಕವನಿಗೆ ಲೆಕ್ಕ ಮುಖ್ಯ, ಕಾಗದ ಬರೆಯತಕ್ಕವನಿಗೆ ಕಾಗದ ಮುಖ್ಯ. ಸಾಧನವು ಕೈಗೆ ಎಷ್ಟು ಪಳಗಿದರೆ ಅಷ್ಟರಮಟ್ಟಿಗೆ ಅದು ಕಣ್ಣಿಗೆ ಬೀಳದಂತಾಗುವುದು. ಮನಸ್ಸು ಕೆಲಸದಲ್ಲಿ ನಿಲ್ಲುವುದು. ಬಡಗಿಗೆ ಪ್ರತಿ ಬೆಳಿಗ್ಗೆ ಹೊಸ ಹಿಡಿಯ ಉಳಿಯನ್ನು ಕೊಟ್ಟರೆ ಅವನು ಮರವನ್ನು ನೋಡುವನೋ, ಉಳಿಯನ್ನು ನೋಡುವನೋ? ಹೊಸ ರೂಪವು ಸಾಧನವನ್ನು ಮತ್ತೆ ಕಣ್ಣಿನ ಮುಂದೆ ತಂದು ನಿಲ್ಲಿಸುವುದು. ಬಳಸುವವನ ಕಾಲವು ಅದಕ್ಕಾಗಿ ವ್ಯಯವಾಗುವುದು. ಆ ಕಾಲದ ಬೆಲೆಯನ್ನು ಯಾರೂ ಕೊಡುವುದಿಲ್ಲ.

ಹಳೆಯದು ಹೊಸದು ಎಂಬ ವಿವಾದವು ಬಂದಾಗಲೆಲ್ಲ ವಿದ್ವಾಂಸರಿಗೆ ಕಾಳಿದಾಸನ ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯು ಜ್ಞಾಪಕಕ್ಕೆ ಬರುವುದು. ಹೆಸರಾದ ಹಿಂದಿನ ಕವಿಗಳನ್ನು ಬಿಟ್ಟು ಹೊಸ ಕವಿಯ ನಾಟಕವನ್ನು ಏಕೆ ಆಡಬೇಕೆಂಬ ಆಕ್ಷೇಪಕ್ಕೆ ಅಲ್ಲಿ ದೊರೆಯುವ ಸಮಾಧಾನವು, ವಯಸ್ಸನ್ನು ನೋಡದೆ ಗುಣವನ್ನು ಪರೀಕ್ಷಿಸಬೇಕೆಂಬ ಅಭಿಪ್ರಾಯದ್ದು. ಆ ನಿಯಮವು ಸಾಧುವಾದುದೇ. ಆದರೆ ಪ್ರಕೃತದಲ್ಲಿ ಅದೊಂದೇ ಸಾಲದು. ಹೊಸ ನಾಟಕವು ರಂಗಕ್ಕೆ ಬಂದಿತೆಂದು ಹಳೆಯ ನಾಟಕದ ಓಲೆಗಳನ್ನು ಯಾರೂ ಸುಡುತ್ತಿರಲಿಲ್ಲ. ಪ್ರೇಕ್ಷಕನು ಎರಡನ್ನೂ ನೋಡಿ ತೂಗಬಹುದಾಗಿತ್ತು. ಪರೀಕ್ಷೆಯೆಂಬುದಕ್ಕೆ ಅರ್ಥವಿರಬೇಕಾದರೆ ಎರಡು ವಸ್ತುಗಳೂ ಎದುರಿಗಿರಬೇಕು, ಪರೀಕ್ಷಿಸತಕ್ಕವನಿಗೆ ಬಿಡುವ ಸ್ವಾತಂತ್ರ್ಯವೂ ಇರಬೇಕು. ಒಂದನ್ನು ಕಸಿದುಕೊಂಡು ಮತ್ತೊಂದನ್ನು ಕೈಯಲ್ಲಿಟ್ಟು, ಗುಣವನ್ನು ನೋಡೆಂದರೆ ಅದು ಪರೀಕ್ಷೆಯಾಗುವುದಿಲ್ಲ. ಆದಕಾರಣ ಹೊಸದು ಒಳ್ಳೆಯದೋ ಹಳೆಯದು ಒಳ್ಳೆಯದೋ ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯಲ್ಲ. ಬಳಸುವವನ ಕೈಯಲ್ಲಿ ನೆಲಸಿರುವ ಅಭ್ಯಾಸವು ಯಾರ ಸ್ವತ್ತು, ಅದನ್ನು ಕೇಳದೆ ಕೆಡಿಸುವ ಅಧಿಕಾರ ಯಾರಿಗುಂಟು ಎಂಬುದೇ ಮುಖ್ಯವಾದ ಪ್ರಶ್ನೆ.

ಇದಕ್ಕೆ ಉತ್ತರ ಹೇಳುವುದಕ್ಕೆ ಮೊದಲು, ದೂರುವವರ ದುಃಖದಲ್ಲಿ ಎರಡು ಜಾತಿಗಳಿವೆಯೆಂಬುದನ್ನು ಗುರುತಿಸಬೇಕು. ಒಂದು, ಕಲಿಯುವ ಶ್ರಮದಿಂದಾಗುವ ದುಃಖ. ಮತ್ತೊಂದು, ಇದ್ದುದು ಹೋದುದರಿಂದಾಗುವ ದುಃಖ. ಮೊದಲನೆಯದು ಹೊಸ ಚಪ್ಪಲಿಯ ಕಡಿತದಂತೆ. ಕೆಲವು ದಿನ ನಡೆದರೆ ಮಾಯುವುದು. ಎರಡನೆಯದು ಅಳತೆಗೆ ಸರಿಯಲ್ಲದ ಚಪ್ಪಲಿಯಂತೆ. ಎಷ್ಟು ನಡೆದರೂ ಕಾಲಿಗೆ ಒಗ್ಗದು. ಒಂದು ತಿಂಗಳ ತರುವಾಯ ಮರೆತುಹೋಗುವ ದೂರು ಮೊದಲನೆಯ ಜಾತಿಯದು. ಎರಡು ಹೆಜ್ಜೆಯ ಕೆಲಸಕ್ಕೆ ಐದು ಹೆಜ್ಜೆಯಾಯಿತೆಂಬುದು, ಕಾಣುತ್ತಿದ್ದುದು ಕಾಣದಾಯಿತೆಂಬುದು, ಹಿಂದೆ ಸಾಧ್ಯವಿದ್ದುದು ಈಗ ಅಸಾಧ್ಯವೆಂಬುದು ಎರಡನೆಯ ಜಾತಿಯದು. ಸ್ವಾಗತಿಸುವವರು ಎರಡನ್ನೂ ಆಲಸ್ಯವೆನ್ನುವರು. ನಿರಾಕರಿಸುವವರು ಎರಡನ್ನೂ ಅನ್ಯಾಯವೆನ್ನುವರು. ಇಬ್ಬರೂ ಈ ವಿವೇಚನೆಯಲ್ಲಿ ತಪ್ಪುವರು.

ವಿಂಡೋಸ್ 8ರ ಮೇಲಿನ ದೂರು ಎರಡನೆಯ ಜಾತಿಯದೆಂಬುದಕ್ಕೆ ನಿರ್ಮಾತೃಗಳ ನಡತೆಯೇ ಸಾಕ್ಷಿ. ಒಂದು ವರ್ಷವೂ ತುಂಬುವುದಕ್ಕೆ ಮೊದಲೇ, 2013ನೆಯ ಅಕ್ಟೋಬರ್ 17ರಂದು ಬಂದ 8.1ರಲ್ಲಿ ಸ್ಟಾರ್ಟ್ ಗುಂಡಿಯು ತನ್ನ ಮೂಲೆಗೆ ಮರಳಿತು. 2015ನೆಯ ಜುಲೈ 29ರಂದು ವಿಂಡೋಸ್ 10 ಬಂದಾಗ ಆ ಗುಂಡಿಯ ಮೇಲೆ ತೆರೆಯುವ ಪಟ್ಟಿಯೂ ಮರಳಿತು. ಜನರ ದೂರು ಕೇವಲ ಜಾಡ್ಯವಾಗಿದ್ದರೆ ಕಾಲವೇ ಅದನ್ನು ಶಮನಗೊಳಿಸುತ್ತಿತ್ತು. ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದುಕೊಳ್ಳಬೇಕಾದ ಪ್ರಸಂಗವು ಬರುತ್ತಿರಲಿಲ್ಲ. ದೂರಿಗೆ ಕಿವಿಗೊಟ್ಟರೆಂಬುದು ಶ್ಲಾಘ್ಯವೇ ಸರಿ. ಆದರೆ ನಡುವೆ ಕಳೆದ ಕಾಲದಲ್ಲಿ ತಮ್ಮದೇ ಯಂತ್ರದ ಮುಂದೆ ದಡ್ಡರೆನಿಸಿಕೊಂಡವರ ಮಾನಕ್ಕೆ ಪರಿಹಾರವು ಯಾವ ಹೊಸ ಆವೃತ್ತಿಯಲ್ಲಿಯೂ ಬರಲಿಲ್ಲ.

ಮಾನವೆಂಬ ಮಾತನ್ನು ಇಲ್ಲಿ ಅತಿಶಯವಾಗಿ ಹೇಳಿದ್ದೆಂದು ತಿಳಿಯಬಾರದು. ಅರವತ್ತು ವರ್ಷ ದಾಟಿದ ಮೇಲೆ ಕಂಪ್ಯೂಟರನ್ನು ಕಲಿತವರು ಈಗ ಬಹಳ ಮನೆಗಳಲ್ಲಿರುವರು. ಮೌಸ್ ಹಿಡಿದ ಕೈ ಮೊದಲು ನಡುಗಿತ್ತು. ಮೊಮ್ಮಗನ ವಯಸ್ಸಿನ ಹುಡುಗನಿಂದ ಹೇಳಿಸಿಕೊಂಡು, ಗುಂಡಿಗಳ ಸ್ಥಾನವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಮರೆತು, ಮತ್ತೆ ಕೇಳುವುದಕ್ಕೆ ಸಂಕೋಚಪಟ್ಟು, ಕೊನೆಗೊಂದು ದಿನ ಯಾರ ಸಹಾಯವೂ ಇಲ್ಲದೆ ಪಿಂಚಣಿಯ ಲೆಕ್ಕವನ್ನೋ ದೂರದೇಶದ ಮಗಳಿಗೊಂದು ಪತ್ರವನ್ನೋ ಬರೆದು ಮುಗಿಸಿದಾಗ ಆ ವೃದ್ಧನಿಗಾದ ಸಂತೋಷವು ಪ್ರಥಮ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಾಲಕನ ಸಂತೋಷಕ್ಕೆ ಕಡಮೆಯಾದುದಲ್ಲ. ಅವನು ಯಂತ್ರಶಾಸ್ತ್ರವನ್ನು ಕಲಿಯಲಿಲ್ಲ. ಒಂದು ದಾರಿಯನ್ನು ಕಲಿತನು. ಆ ದಾರಿಯು ಒಂದು ಬೆಳಿಗ್ಗೆ ಇಲ್ಲವಾದರೆ ತರುಣನಿಗೆ ಅರ್ಧ ಗಂಟೆಯ ಕಾಲ ನಷ್ಟ. ಅವನಿಗೆ ಅಕ್ಷರವೇ ನಷ್ಟ. ಕಲಿತವನು ಮತ್ತೆ ಅನಕ್ಷರಸ್ಥನಾಗುವನು. ಎರಡನೆಯ ಸಲ ಕೇಳುವುದಕ್ಕೆ ಅನೇಕರಿಗೆ ಧೈರ್ಯವು ಬರುವುದಿಲ್ಲ. ಯಂತ್ರದ ಮೇಲೆ ಬಟ್ಟೆ ಮುಚ್ಚಿ ಸುಮ್ಮನಾಗುವರು.

ಇಲ್ಲಿ ಒಂದು ಆಕ್ಷೇಪವು ಬರುವುದು. ತಂತ್ರಾಂಶವನ್ನು ಬಳಸುವವನು ಅದರ ಒಡೆಯನಲ್ಲ. ಒಪ್ಪಂದದಂತೆ ಅವನಿಗಿರುವುದು ಬಳಸುವ ಅನುಮತಿ ಮಾತ್ರ. ಒಡೆಯನು ತನ್ನ ವಸ್ತುವನ್ನು ಬೇಕಾದಂತೆ ಮಾರ್ಪಡಿಸಿದರೆ ಅನುಮತಿ ಪಡೆದವನಿಗೆ ಆಕ್ಷೇಪಿಸುವ ಹಕ್ಕೆಲ್ಲಿಯದು? ಇದಕ್ಕೆ ಸಮಾಧಾನವನ್ನು ಗ್ರಾಮಜೀವನದಿಂದಲೇ ಹೇಳಬಹುದು. ಗೇಣಿಯ ಭೂಮಿಯು ಒಡೆಯನದು, ಅದರಲ್ಲಿ ಸಂದೇಹವಿಲ್ಲ. ಆದರೆ ಒಕ್ಕಲು ಇಪ್ಪತ್ತು ವರ್ಷ ಕಲ್ಲನ್ನು ಆರಿಸಿ, ಬದುವನ್ನು ಕಟ್ಟಿ, ಬಾವಿಯನ್ನು ತೋಡಿ, ಆ ನೆಲಕ್ಕೆ ಸೇರಿಸಿದ ಶ್ರಮವು ಒಡೆಯನದಲ್ಲ. ಒಡೆಯನು ಒಂದು ರಾತ್ರಿ ಬಾವಿಯನ್ನು ಮುಚ್ಚಿಸಿ, ಭೂಮಿ ತನ್ನದೆಂದರೆ, ಪತ್ರದಲ್ಲಿ ಅವನ ಮಾತು ನಿಂತರೂ ಊರಿನ ನ್ಯಾಯದಲ್ಲಿ ನಿಲ್ಲದು. ಅಂತೆಯೇ, ತಂತ್ರಾಂಶವು ನಿರ್ಮಾತೃವಿನದು. ಅದನ್ನು ಬಳಸಿ ಬಳಸಿ ಕೈಯಲ್ಲಿ ಸಂಪಾದಿಸಿದ ಅಭ್ಯಾಸವು ಬಳಸುವವನದು. ಅದಕ್ಕೆ ಅವನು ಕೊಟ್ಟ ಬೆಲೆಯು ಹಣವಲ್ಲ, ಆಯುಸ್ಸು. ಆದುದರಿಂದ ಅದು ಸ್ವತ್ತೇ ಸರಿ. ಅದನ್ನು ಎಂದಿಗೂ ಮುಟ್ಟಬಾರದೆಂದು ಹೇಳುವುದಕ್ಕಾಗುವುದಿಲ್ಲ. ಆದರೆ ಕಾರಣವಿಲ್ಲದೆಯೂ ಕೇಳದೆಯೂ ಮುಟ್ಟಬಾರದೆಂಬುದು ನಿಶ್ಚಯ.

ಈ ಮರ್ಯಾದೆಯು ಆಚರಣೆಗೆ ಬಾರದ ಆದರ್ಶವೇನೂ ಅಲ್ಲ. ಅದೇ ವಿಂಡೋಸ್‌ನ ಚರಿತ್ರೆಯಲ್ಲಿಯೇ ಅದು ಬಹುಕಾಲ ನಡೆದುಬಂದಿತ್ತು. ಎಕ್ಸ್‌ಪಿಯ ಹೊಸ ಬಣ್ಣವನ್ನು ಒಲ್ಲದವರು ಒಂದು ಆಯ್ಕೆಯಿಂದ ಹಳೆಯ ಬೂದು ಬಣ್ಣದ ರೂಪಕ್ಕೆ ಮರಳಬಹುದಾಗಿತ್ತು. ಸ್ಟಾರ್ಟ್ ಪಟ್ಟಿಯನ್ನೂ ಹಳೆಯ ರೀತಿಯಲ್ಲಿಟ್ಟುಕೊಳ್ಳಬಹುದಾಗಿತ್ತು. 2009ರ ವಿಂಡೋಸ್ 7ರಲ್ಲಿ ಹಳೆಯ ಪಟ್ಟಿಯು ಹೋಯಿತು, ಹಳೆಯ ಬಣ್ಣವು ಉಳಿಯಿತು. 8ರಲ್ಲಿ ಅದೂ ಹೋಯಿತು. 2021ನೆಯ ಅಕ್ಟೋಬರ್ 5ರಂದು ವಿಂಡೋಸ್ 11 ಹೊರಬಂದಾಗ ಕೆಳಗಿನ ಪಟ್ಟಿಯ ಗುಂಡಿಗಳು ನಡುವಿಗೆ ಸರಿದಿದ್ದುವು. ಅವನ್ನು ಮತ್ತೆ ಎಡಕ್ಕೆ ಸರಿಸುವ ಆಯ್ಕೆಯನ್ನು ಇಟ್ಟಿದ್ದರು. ಆದರೆ ಪಟ್ಟಿಯನ್ನೇ ತೆರೆಯ ಪಕ್ಕಕ್ಕೋ ಮೇಲಕ್ಕೋ ಒಯ್ಯುವ, ಬಹಳ ಹಿಂದಿನಿಂದ ಇದ್ದ ಸೌಕರ್ಯವನ್ನು ಆಗ ಬಿಟ್ಟಿದ್ದರು. ಒಂದು ಕೈ ಕೊಟ್ಟಿತು, ಒಂದು ಕೈ ತೆಗೆದುಕೊಂಡಿತು. ಹಳೆಯ ದಾರಿಯ ಪಕ್ಕದಲ್ಲಿ ಹೊಸ ದಾರಿಯನ್ನು ಹಾಕುವುದು ಉಪಕಾರ. ಹಳೆಯ ದಾರಿಗೆ ಮುಳ್ಳು ಬಡಿದು ಹೊಸ ದಾರಿಯನ್ನು ಹೊಗಳುವುದು ಬೇರೆಯ ಮಾತು.

ಕೇಳುವುದೆಂಬ ವಿಷಯದಲ್ಲಿಯೂ ವಿಚಾರಿಸತಕ್ಕ ಪ್ರಸಂಗವೊಂದುಂಟು. ವಿಂಡೋಸ್ 10 ಬಂದ ಮೊದಲನೆಯ ವರ್ಷದಲ್ಲಿ, ಹಿಂದಿನ ಎರಡು ಆವೃತ್ತಿಗಳನ್ನು ಬಳಸುತ್ತಿದ್ದವರಿಗೆ ಅದನ್ನು ಬೆಲೆಯಿಲ್ಲದೆ ಕೊಡುವುದಾಗಿ ಪ್ರಕಟಿಸಿದ್ದರು. ಕೊಡುಗೆಯ ಸಮಾಚಾರವು ತೆರೆಯ ಮೇಲೆ ಮತ್ತೆ ಮತ್ತೆ ಬರುತ್ತಿತ್ತು. 2016ರ ಮೇ ತಿಂಗಳಿನ ವೇಳೆಗೆ, ಆ ಪ್ರಕಟಣೆಯ ಮೂಲೆಯಲ್ಲಿದ್ದ ಗುಣಾಕಾರದ ಗುರುತನ್ನು ಒತ್ತಿ ಅದನ್ನು ಮುಚ್ಚಿದರೂ, ಗೊತ್ತುಪಡಿಸಿದ ವೇಳೆಗೆ ಹೊಸ ವ್ಯವಸ್ಥೆಯು ಯಂತ್ರವನ್ನು ಸೇರುವ ಏರ್ಪಾಡು ರದ್ದಾಗುತ್ತಿರಲಿಲ್ಲ. ಅಷ್ಟು ವರ್ಷ ಆ ಗುರುತಿಗೆ ಬೇಡವೆಂಬ ಅರ್ಥವನ್ನು ಕಲಿಸಿದ್ದವರೇ ಅದನ್ನು ಆಗಲಿ ಎಂದು ಓದಿದರು. ಆಕ್ಷೇಪಗಳೆದ್ದ ಮೇಲೆ, ಕೆಲವು ವಾರಗಳಲ್ಲಿ, ಸ್ಪಷ್ಟವಾಗಿ ನಿರಾಕರಿಸುವ ಗುಂಡಿಯನ್ನು ಸೇರಿಸಿದರು. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ಲೋಕದಲ್ಲಿ ಪ್ರಸಿದ್ಧವಾಗಿದೆ. ಅದೇ ಎಷ್ಟೋ ವೇಳೆ ದುರ್ಬಲರ ಮೇಲೆ ಅನ್ಯಾಯಕ್ಕೆ ಕಾರಣವಾಗಿರುವುದು. ನಿರಾಕರಣವನ್ನೇ ಸಮ್ಮತಿಯೆಂದು ಎಣಿಸುವುದಾದರೆ ಸಮ್ಮತಿಯೆಂಬ ಶಬ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಕೊಟ್ಟ ವಸ್ತುವು ಉತ್ತಮವಾಗಿತ್ತೆಂಬುದು ಇದಕ್ಕೆ ಸಮಾಧಾನವಾಗಲಾರದು. ಒಳ್ಳೆಯ ಊಟವನ್ನಾದರೂ ಬಾಯಿ ಮುಚ್ಚಿಕೊಂಡವನಿಗೆ ತುರುಕುವುದು ಆತಿಥ್ಯವಲ್ಲ.

ಇಷ್ಟರಿಂದ ನಿರಾಕರಿಸುವವರ ಪಕ್ಷವೇ ಸಿದ್ಧವಾಯಿತೆಂದು ತಿಳಿಯಬಾರದು. ಅವರ ವಾದದಲ್ಲಿ ಒಂದು ದೊಡ್ಡ ಬಿರುಕಿರುವುದು. ತನ್ನ ಯಂತ್ರ, ತನ್ನ ಇಷ್ಟ ಎನ್ನುವವನು, ಅವನ ಯಂತ್ರವು ಒಂಟಿಯಾಗಿಲ್ಲವೆಂಬುದನ್ನು ಮರೆಯುವನು. ಅಂತರ್ಜಾಲದ ಮೂಲಕ ಅದು ಸಾವಿರ ಯಂತ್ರಗಳೊಂದಿಗೆ ಕೂಡಿಕೊಂಡಿರುವುದು. 2017ನೆಯ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಹರಡಲಾರಂಭಿಸಿ, ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಫೈಲುಗಳಿಗೆ ಬೀಗ ಹಾಕಿ, ತೆರೆಯಬೇಕಾದರೆ ಹಣ ಕೊಡೆಂದು ಕೇಳಿತು. ಇಂಗ್ಲೆಂಡಿನ ಸರಕಾರೀ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆಯೇ ನಿಲ್ಲುವಂತಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಎರಡು ತಿಂಗಳು ಮುಂಚೆಯೇ, ಮಾರ್ಚಿಯಲ್ಲಿ, ಕೊಟ್ಟಿದ್ದರು. ಹಾಕಿಕೊಳ್ಳದೆ ಬಿಟ್ಟವರ ಯಂತ್ರಗಳು ಬಿದ್ದುವು, ಬಿದ್ದ ಯಂತ್ರಗಳು ಇತರ ಯಂತ್ರಗಳನ್ನು ಬೀಳಿಸಿದುವು. ಪೋಷಣೆಯು ಮುಗಿದು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಆ ಸಂಕಟದಲ್ಲಿ ಹೊಸ ತೇಪೆಯೊಂದನ್ನು ಹೊರಡಿಸಬೇಕಾಯಿತು. ಊರಿಗೆ ಸಾಂಕ್ರಾಮಿಕ ರೋಗವು ಬಂದಾಗ ತನ್ನ ಬಾವಿಯನ್ನು ತಾನು ಶುದ್ಧಿಮಾಡೆನೆಂದು ಹೇಳುವುದಕ್ಕೆ ಯಾವ ಗೃಹಸ್ಥನಿಗೂ ಅಧಿಕಾರವಿಲ್ಲ. ಯಂತ್ರವನ್ನು ಭದ್ರವಾಗಿಟ್ಟುಕೊಳ್ಳುವುದು ಬಳಸುವವನ ಇಷ್ಟವಲ್ಲ, ನೆರೆಯವರಿಗೆ ಅವನು ತೀರಿಸಬೇಕಾದ ಋಣ.

ಹೀಗೆ ಎರಡು ಪಕ್ಷಗಳನ್ನೂ ತೂಗಿ ನೋಡಿದರೆ, ವಿವಾದದ ಮೂಲವು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆದುದರಲ್ಲಿದೆಯೆಂಬುದು ತಿಳಿಯುವುದು. ಬಿರುಕನ್ನು ಮುಚ್ಚುವುದು ಜೀರ್ಣೋದ್ಧಾರ. ಬಾಗಿಲನ್ನು ಪೂರ್ವದಿಂದ ಉತ್ತರಕ್ಕೆ ತಿರುಗಿಸುವುದು ಹೊಸ ಕಟ್ಟಡದ ಕೆಲಸ. ಮೊದಲನೆಯದನ್ನು ಸ್ವೀಕರಿಸುವುದು ಕರ್ತವ್ಯ. ಎರಡನೆಯದನ್ನು ಸ್ವೀಕರಿಸುವುದು ರುಚಿ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಭದ್ರತೆ ಬೇಕಾದರೆ ಹೊಸ ರೂಪವನ್ನೂ ಹೊರಬೇಕೆಂದರೆ, ಬಳಸುವವನ ಧರ್ಮಬುದ್ಧಿಯನ್ನೇ ಅವನ ಮೇಲೆ ಅಂಕುಶವಾಗಿ ಮಾಡಿದಂತಾಗುವುದು. 2025ನೆಯ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆಯು ಮುಗಿದಾಗ ಅನೇಕ ಮನೆಗಳಿಗೆ ಒದಗಿದ ಸಂಕಟವು ಇದೇ. ಹೊಸ ಆವೃತ್ತಿಯು ಟಿಪಿಎಂ 2.0 ಎಂಬ ಭದ್ರತಾಂಗವನ್ನೂ ಇತ್ತೀಚಿನ ಜಾತಿಯ ಪ್ರೊಸೆಸರನ್ನೂ ಬೇಡುವುದರಿಂದ, ಕೆಡದೆ ನಡೆಯುತ್ತಿದ್ದ ಎಷ್ಟೋ ಯಂತ್ರಗಳಿಗೆ ಅದು ಸೇರುವಂತಿರಲಿಲ್ಲ. ಮನೆಬಳಕೆಯವರಿಗೆ 2026ನೆಯ ಅಕ್ಟೋಬರ್ 13ರ ವರೆಗೆ ಇನ್ನೊಂದು ವರ್ಷದ ಭದ್ರತೆಯನ್ನು ಪ್ರತ್ಯೇಕವಾಗಿ ಕೊಡುವುದಾಗಿ ಪ್ರಕಟಿಸಿದರು. ಭದ್ರತೆಯನ್ನು ರೂಪದಿಂದ ಬೇರ್ಪಡಿಸಿ ಕೊಡುವುದು ಸಾಧ್ಯವೆಂಬುದು ಈ ಏರ್ಪಾಡಿನಿಂದಲೇ ಸಿದ್ಧವಾಗುವುದು. ಎಷ್ಟು ಕಾಲ ಕೊಡಬೇಕೆಂಬುದು ಮಾತ್ರ ಉಳಿದ ಪ್ರಶ್ನೆ.

ಹಳೆಯದೆಲ್ಲವನ್ನೂ ಎಂದೆಂದಿಗೂ ಕಾಪಾಡುತ್ತಿದ್ದರೆ ನಿರ್ಮಾತೃವಿಗೆ ಹೊಸದನ್ನು ಮಾಡುವ ಶಕ್ತಿಯೇ ಉಳಿಯದೆಂದು ಹೇಳಬಹುದು. ಅದು ಸತ್ಯವೇ. ಯಾರನ್ನೂ ಶಾಶ್ವತವಾಗಿ ದುಡಿಯೆನ್ನುವುದು ನ್ಯಾಯವಲ್ಲ. ಆದರೆ ತಾನು ಕಾಪಾಡಲಾರದುದನ್ನು ಇತರರು ಕಾಪಾಡಿಕೊಳ್ಳುವಂತೆ ಬಿಟ್ಟುಕೊಡುವ ಮಾರ್ಗವೊಂದುಂಟು. ಲಿನಕ್ಸ್ ಬಳಸುವವರ ಗ್ನೋಮ್ ಎಂಬ ಮುಖವ್ಯವಸ್ಥೆಯು 2011ನೆಯ ಏಪ್ರಿಲಿನಲ್ಲಿ ಮೂರನೆಯ ಆವೃತ್ತಿಗೆ ಬಂದು, ಹಳೆಯ ಪಟ್ಟಿಗಳನ್ನು ಬಿಟ್ಟು, ಸಂಪೂರ್ಣವಾಗಿ ಹೊಸ ರೂಪವನ್ನು ತಾಳಿತು. ಅಲ್ಲಿಯೂ ದೂರುಗಳೆದ್ದುವು. ಆದರೆ ಅದರ ಮೂಲಬರಹವು ಸರ್ವರಿಗೂ ತೆರೆದಿದ್ದುದರಿಂದ, ಹಳೆಯದನ್ನು ಮೆಚ್ಚಿದವರು ಆ ಎರಡನೆಯ ಆವೃತ್ತಿಯನ್ನೇ ತೆಗೆದುಕೊಂಡು, ಅದೇ ವರ್ಷದಲ್ಲಿ ಮಾಟೆ ಎಂಬ ಹೆಸರಿನಿಂದ ಮುಂದುವರಿಸಿದರು. ಹೊಸದನ್ನು ಮಾಡಿದವರು ಹೊಸದನ್ನು ಮಾಡಿದರು. ಹಳೆಯದನ್ನು ಬಯಸಿದವರು ಅದರ ಭಾರವನ್ನು ತಾವೇ ಹೊತ್ತರು. ಹಕ್ಕಿನೊಂದಿಗೆ ಶ್ರಮವೂ ಕೂಡಿಬಂದುದರಿಂದ ಅಲ್ಲಿ ದೂರು ಕೆಲಸವಾಗಿ ಪರಿಣಮಿಸಿತು. ಎಲ್ಲ ಮನೆಗಳಿಗೂ ಈ ಮಾರ್ಗವು ಸುಲಭವಲ್ಲ; ಆದರೂ ಹಳೆಯದು ಅಳಿಯಲೇಬೇಕೆಂಬುದು ಪ್ರಕೃತಿನಿಯಮವಲ್ಲವೆಂಬುದನ್ನು ಅದು ತೋರಿಸುವುದು.

ಬಳಸುವವನ ಕರ್ತವ್ಯವನ್ನೂ ಹೇಳದಿದ್ದರೆ ವಿಚಾರವು ಒಕ್ಕಣ್ಣಿನದಾಗುವುದು. ಭದ್ರತೆಯ ತೇಪೆಗಳನ್ನು ಅವನು ಕಾಲಕ್ಕೆ ಸರಿಯಾಗಿ ಹಾಕಿಕೊಳ್ಳಲಿ. ಹೊಸ ವ್ಯವಸ್ಥೆಗೆ ಹೋಗುವುದಕ್ಕೆ ಮೊದಲು ತನ್ನ ಬರಹಗಳನ್ನೆಲ್ಲ ಬೇರೊಂದು ಕಡೆ ನಕಲು ಮಾಡಿಟ್ಟುಕೊಳ್ಳಲಿ. ಹಳೆಯ ಕಾಲದ ಕನ್ನಡ ಅಕ್ಷರಮಾಲೆಯಲ್ಲಿ ಬರೆದವುಗಳಿದ್ದರೆ ಆ ಅಕ್ಷರಮಾಲೆಯನ್ನೂ ಜೊತೆಯಲ್ಲಿ ಕಾದಿಡಲಿ, ಸಾಧ್ಯವಾದರೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಲಿ. ಹೊಸ ರೂಪವನ್ನು ಒಂದು ತಿಂಗಳು ತಾಳ್ಮೆಯಿಂದ ಬಳಸದೆ ಅದನ್ನು ನಿಂದಿಸದಿರಲಿ. ಆ ಮೇಲೆಯೂ ನಷ್ಟವು ನಷ್ಟವಾಗಿಯೇ ಕಂಡರೆ, ಇಂತಹ ಕೆಲಸಕ್ಕೆ ಇಂತಹ ಅಡ್ಡಿಯೆಂದು ಸ್ಪಷ್ಟವಾಗಿ ಹೇಳಲಿ. ಹಿಂದಿನ ಕಾಲವೇ ಚೆನ್ನಾಗಿತ್ತೆಂಬ ನಿಟ್ಟುಸಿರಿಗೆ ಯಾರೂ ಉತ್ತರ ಕೊಡಲಾರರು.

ಕಡೆಗೆ ಈ ವಿಚಾರವು ದೂರದೇಶದ ಸಂಸ್ಥೆಗಳ ಬಾಗಿಲಲ್ಲಿ ಮುಗಿಯುವುದಿಲ್ಲ. ಮನೆಗೇ ಮರಳಿ ಬರುವುದು. ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ಮಗನು, ತಂದೆಯ ಯಂತ್ರವು ಹಳೆಯದಾಯಿತೆಂದು ಕನಿಕರಪಟ್ಟು, ಅವರು ಮಲಗಿದ ಮೇಲೆ ಕುಳಿತು ಎಲ್ಲವನ್ನೂ ಹೊಸದುಮಾಡಿ, ಮರುದಿನ ಬೆಳಗಿನ ಬಸ್ಸಿಗೆ ಹೊರಟುಹೋಗುವನು. ಅವನ ಪ್ರೀತಿಯಲ್ಲಿ ಲೋಪವಿಲ್ಲ. ಮಾಡಿದ ಕೆಲಸವೂ ಅವಶ್ಯಕವಾದದ್ದೇ ಇರಬಹುದು. ತಂದೆಯು ಯಂತ್ರದ ಮುಂದೆ ಕುಳಿತು, ನಿನ್ನೆಯವರೆಗೆ ಇದ್ದುದನ್ನು ಹುಡುಕಿ, ಕಾಣದೆ, ಮಗನಿಗೆ ಫೋನು ಮಾಡಿದರೆ ಅವನಿಗೆ ತೊಂದರೆಯಾದೀತೆಂದು ಸುಮ್ಮನಾಗುವನು. ದೊಡ್ಡ ಸಂಸ್ಥೆಯೊಂದು ಕೋಟಿ ಜನರ ವಿಷಯದಲ್ಲಿ ಮಾಡಿದ ತಪ್ಪನ್ನೇ ಇಲ್ಲಿ ಮಗನು ಒಬ್ಬನ ವಿಷಯದಲ್ಲಿ ಮಾಡಿರುವನು. ಆ ರಾತ್ರಿ ಅವನು ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನು ಬದಲಾಗುವುದೆಂದು ಹೇಳಿ, ಯಾವುದನ್ನು ಇದ್ದಂತೆಯೇ ಇಡಬೇಕೆಂದು ಕೇಳಿ, ಮರುದಿನ ಒಂದು ಗಂಟೆಯ ಕಾಲ ಅವರ ಕೈಯಿಂದಲೇ ಮಾಡಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದರೆ ಸಾಕಾಗಿತ್ತು. ಹೊಸದನ್ನು ಕೊಡತಕ್ಕವರೆಲ್ಲರೂ, ಸಂಸ್ಥೆಯಾಗಲಿ ಸಂತಾನವಾಗಲಿ, ಕೊಡುವುದಕ್ಕೆ ಮೊದಲು ಅಷ್ಟುಮಾತ್ರ ಕೇಳಿದರೆ, ಹಳೆಯದು ಹೊಸದಕ್ಕೆ ತಾನಾಗಿಯೇ ದಾರಿ ಬಿಡುವುದು.